ಲಾಭವೇ ಇಲ್ಲದ ಸೇಡು: ಇತಿಹಾಸದಲ್ಲಿ ಇಂಥವರು ಯಾರಿದ್ದಾರೆ? ಕೈಗೆ ಸಿಕ್ಕರೂ ಬಿಟ್ಟವರು ಯಾರಾದರೂ ಇದ್ದಾರಾ?

ಚನ್ನಗಿರಿ_ತೋಟ

ಎಲ್ಲರಿಗೂ ನಮಸ್ಕಾರ. ನಮ್ಮೂರಲ್ಲಿ ಮೊನ್ನೆ ಒಬ್ಬರ ತೋಟದಲ್ಲಿ ಫಸಲಿಗೆ ಬಂದಿದ್ದ ಅಡಿಕೆ ಮರಗಳನ್ನು ಯಾರೋ ರಾತ್ರೋರಾತ್ರಿ ಕಡಿದು ಹಾಕಿದ್ದಾರೆ. ಕದ್ದಿಲ್ಲ. ಗೊನೆ ಕೂಡ ಮುಟ್ಟಿಲ್ಲ, ಮರದ ಜೊತೆಗೇ ಬಿದ್ದಿತ್ತು. ಜಗಳದ ಮೂಲ ಒಂದು ಬದು, ಅದೂ ಎರಡೂ ಮನೆಯ ಹಿರಿಯರು ಇದ್ದ ಕಾಲದ್ದು.

ಅಡಿಕೆ ಸಸಿ ನೆಟ್ಟು ಫಸಲು ಕಾಣೋಕೆ ಐದಾರು ವರ್ಷ ಬೇಕು. ಭತ್ತ ಹಾಳಾದರೆ ಮುಂದಿನ ಬೆಳೆಗೆ ಸುಧಾರಿಸಿಕೊಳ್ಳಬಹುದು, ಇದು ಹಾಗಲ್ಲ. ಕಡಿದವನಿಗೆ ಇದರಿಂದ ಒಂದು ರೂಪಾಯಿ ಬರಲಿಲ್ಲ, ಒಂದು ಗುಂಟೆ ಜಮೀನು ಸಿಗಲಿಲ್ಲ, ಸಿಕ್ಕಿಬಿದ್ದರೆ ಜೈಲು ಬೇರೆ, ಆದರೂ ಕತ್ತಲಲ್ಲಿ ಮಚ್ಚು ಹಿಡಿದು ಬಂದು ಅಷ್ಟು ಹೊತ್ತು ಬೆವರು ಸುರಿಸಿ ಹೋಗಿದ್ದಾನೆ. ಇದು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. "ಮಗ ಸತ್ತರೂ ಚಿಂತೆಯಿಲ್ಲ, ಸೊಸೆ ಮುಂಡೆ ಆಗಬೇಕು" ಅನ್ನೋ ಗಾದೆ ಕೇಳೋಕೆ ಬಹಳ ಕಹಿ. ಆದರೆ ಅಂಥ ಮನಸ್ಸು ನಿಜವಾಗಿಯೂ ಇದೆ.

ನನ್ನ ಪ್ರಶ್ನೆ ಇಷ್ಟು. ದೊಡ್ಡವರ ಇತಿಹಾಸದಲ್ಲಿ, ಅಂದರೆ ರಾಜರು, ಧರ್ಮಗುರುಗಳು, ಶ್ರೀಮಂತರು, ಇವರಲ್ಲೂ ತನಗೆ ಏನೂ ಸಿಗದಿದ್ದರೂ ಎದುರಿನವನು ಹಾಳಾಗಲಿ ಅಂತ ಮಾಡಿದ್ದು ಇದೆಯಾ? ಇನ್ನೊಂದು, ಹಳೇ ಹಗೆ ಇದ್ದು, ತೀರಿಸಿಕೊಳ್ಳುವ ಅವಕಾಶ ಪೂರ್ತಿ ಕೈಗೆ ಬಂದು, ಆಗಲೂ ಬೇಡ ಅಂತ ಬಿಟ್ಟವರು ಇದ್ದಾರಾ? ದ್ರೋಣ ದ್ರುಪದರ ಕಥೆ ಎಲ್ಲರಿಗೂ ಗೊತ್ತು, ಪುರಾಣ ಬೇಡ. ನಿಜವಾಗಿ ನಡೆದದ್ದು ಹೇಳಿ. ದುರ್ಗದ ಕಡೆಯವರು ಇದ್ದರೆ ಹೈದರಾಲಿ ಮತ್ತು ಮದಕರಿ ನಾಯಕರ ವಿಷಯವನ್ನೂ ಹೇಳಿ. ಅದೂ ಹಗೆಯೇ ಅಲ್ವಾ?

ದುರ್ಗದ_ಮೇಷ್ಟ್ರು

ತಮ್ಮಾ, ನಿನ್ನ ಪ್ರಶ್ನೆಯ ಕೊನೆಯಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ಕೋಟೆಯ ಬಾಗಿಲಲ್ಲೇ ಹುಟ್ಟಿ ಬೆಳೆದವನು ನಾನು, ಈ ವಿಷಯ ಬಂದರೆ ಸುಮ್ನೆ ಇರೋಕೆ ಆಗಲ್ಲ.

ಹೈದರಾಲಿ ಮತ್ತು ದುರ್ಗದ ನಾಯಕರ ನಡುವೆ ಇದ್ದದ್ದು ಬರೀ ಹಗೆ ಅಲ್ಲ. 1763ರಲ್ಲಿ ಹೈದರ್ ಬಿದನೂರು ಹಿಡಿದಾಗ ದುರ್ಗದವರು ಅವನ ಜೊತೆಗೇ ಇದ್ದರು. ಅದನ್ನು ನಮ್ಮೂರಲ್ಲಿ ಯಾರೂ ಗಟ್ಟಿಯಾಗಿ ಹೇಳಲ್ಲ. ಆಮೇಲೆ ಮರಾಠರು ಒಂದು ಕಡೆ, ಹೈದರ್ ಇನ್ನೊಂದು ಕಡೆ, ನಡುವೆ ದುರ್ಗ. ಇಬ್ಬರಲ್ಲಿ ಯಾರು ಗೆದ್ದರೂ ತಾನು ಉಳಿಯಬೇಕು ಅಂತ ಮದಕರಿ ನಾಯಕ ನೋಡಿದ. ಕರೆದಾಗ ಬಾರದ ಪಾಳೆಯಗಾರನನ್ನು ಬೆನ್ನಿಗೆ ಇಟ್ಟುಕೊಂಡು ಮರಾಠರ ಜೊತೆ ಯುದ್ಧ ಮಾಡೋಕೆ ಹೈದರ್ ತಯಾರಿರಲಿಲ್ಲ. ಮುತ್ತಿಗೆ ಹಾಕಿದ, ಮರಾಠರು ಬಂದರು ಅಂತ ತೆಗೆದ, ಮತ್ತೆ ಬಂದ, 1779ರಲ್ಲಿ ಕೋಟೆ ಬಿತ್ತು. ನಾಯಕನನ್ನೂ ಮನೆಯವರನ್ನೂ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಅವನು ಮತ್ತೆ ದುರ್ಗ ನೋಡಲಿಲ್ಲ. ಸಾವಿರಾರು ಬೇಡರನ್ನು ಊರು ಬಿಡಿಸಿ ಕರೆದುಕೊಂಡು ಹೋದರು. ಅವರ ಚಿಕ್ಕ ಹುಡುಗರನ್ನು ಚೇಲಾ ಪಡೆ ಅಂತ ತನ್ನ ಸೈನ್ಯಕ್ಕೇ ಸೇರಿಸಿಕೊಂಡ.

ಕ್ರೂರ ಕೆಲಸ. ಇವತ್ತಿಗೂ ನನಗೆ ಅದನ್ನು ಪಾಠ ಮಾಡುವಾಗ ಗಂಟಲು ಕಟ್ಟುತ್ತದೆ. ಆದರೆ ನೀನು ಕೇಳಿದ ತಕ್ಕಡಿಯಲ್ಲಿ ಇಟ್ಟು ನೋಡು. ಹೈದರನಿಗೆ ಕೋಟೆ ಸಿಕ್ಕಿತು, ಕಂದಾಯ ಸಿಕ್ಕಿತು, ಸೈನಿಕರು ಸಿಕ್ಕಿದರು. ಅದು ಲೆಕ್ಕಾಚಾರ. ಅದೇ ಹೈದರ್ ದಾವಣಗೆರೆಯನ್ನು ಅಪ್ಪೋಜಿರಾಮ್ ಅನ್ನೋ ಮರಾಠಾ ಸರದಾರನಿಗೆ ಜಹಗೀರು ಕೊಟ್ಟ, ಅವನು ವ್ಯಾಪಾರಿಗಳನ್ನು ಕರೆತಂದು ಪೇಟೆ ಬೆಳೆಸಿದ. ಮರಾಠರ ಜೊತೆ ವರ್ಷಗಟ್ಟಲೆ ಹೊಡೆದಾಡಿದವನು ಒಬ್ಬ ಮರಾಠನಿಗೇ ಊರು ಕೊಟ್ಟ ಅಂದರೆ ನೋಡು. ಹಗೆಯೇ ಎಲ್ಲಾ ಆಗಿದ್ದರೆ ಇದು ನಡೆಯುತ್ತಿರಲಿಲ್ಲ.

ಹಗೆಗೆ ಹತ್ತಿರ ಬರೋದು ಮಾಯಕೊಂಡದ ಕಾಳಗ. ದಾವಣಗೆರೆಯಿಂದ ಬೆಂಗಳೂರಿಗೆ ರೈಲಲ್ಲಿ ಹೋಗುವವರೆಲ್ಲ ಆ ಸ್ಟೇಷನ್ ನೋಡಿರುತ್ತೀರಿ, ಅಲ್ಲಿ ಇಳಿದವರು ಕಡಿಮೆ. 1748ರಲ್ಲಿ ದುರ್ಗದ ಹಿರೇ ಮದಕರಿ ನಾಯಕನ ಮೇಲೆ ಹರಪನಹಳ್ಳಿ, ರಾಯದುರ್ಗ, ಬಿದನೂರು, ಸವಣೂರಿನವರು ಒಟ್ಟಾಗಿ ಬಂದರು. ಬೇರೆ ದಿನಗಳಲ್ಲಿ ಅವರವರಿಗೇ ಆಗುತ್ತಿರಲಿಲ್ಲ. ದುರ್ಗ ಒಂದು ಮುರಿಯಲಿ ಅಂತ ಮಾತ್ರ ಸೇರಿದರು. ಹಿರೇ ಮದಕರಿ ಅಲ್ಲೇ ಮಡಿದ. ಆದರೆ ಮುಂದೆ ಏನಾಯ್ತು? ದುರ್ಗದ ಮುಂದಿನ ನಾಯಕ ಮಾಯಕೊಂಡವನ್ನು ವಾಪಸ್ ಪಡೆದ. ಇವರೆಲ್ಲ ಒಬ್ಬರನ್ನೊಬ್ಬರು ಸಣ್ಣ ಮಾಡಿಕೊಂಡೇ ಇದ್ದರು, ಮೂವತ್ತು ವರ್ಷ ಕಳೆಯುವ ಹೊತ್ತಿಗೆ ಈ ಸೀಮೆಯೆಲ್ಲ ಹೈದರನಿಗೆ ತಲೆಬಾಗಿತ್ತು. ಪಕ್ಕದ ಮನೆಯವನು ಬೀಳಲಿ ಅಂತ ಕಾದವರು ಹೊರಗಿನವನಿಗೆ ದಾರಿ ಮಾಡಿಕೊಟ್ಟರು. ನನ್ನ ಪ್ರಕಾರ ನಮ್ಮ ಜಿಲ್ಲೆಗಳ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ನಷ್ಟ ಇಲ್ಲ.

ಇನ್ನು ಹೊರಗಿನದ್ದು. ಸತ್ತವರನ್ನೂ ಬಿಡದ ಸೇಡು ನೋಡಬೇಕು ಅಂದರೆ ರೋಮ್. ಫಾರ್ಮೋಸಸ್ ಅನ್ನೋ ಪೋಪ್ 896ರಲ್ಲಿ ತೀರಿಕೊಂಡರು. 897ರ ಮೊದಲಲ್ಲೇ, ಆರನೇ ಸ್ಟೀಫನ್ ಅನ್ನೋ ಪೋಪ್ ಅವರ ಹೆಣವನ್ನು ಗೋರಿಯಿಂದ ತೆಗೆಸಿ, ಪೋಪ್ ಬಟ್ಟೆ ಹಾಕಿಸಿ, ಕುರ್ಚಿಯ ಮೇಲೆ ಕೂರಿಸಿ ವಿಚಾರಣೆ ನಡೆಸಿದರು. ಹೆಣದ ಪರವಾಗಿ ಉತ್ತರ ಕೊಡೋಕೆ ಒಬ್ಬ ಕಿರಿಯ ಪಾದ್ರಿಯನ್ನು ಪಕ್ಕದಲ್ಲಿ ನಿಲ್ಲಿಸಿದ್ದರು. ತಪ್ಪಿತಸ್ಥ ಅಂತ ತೀರ್ಪು ಬಂತು. ಆಶೀರ್ವಾದ ಮಾಡುವ ಬಲಗೈಯ ಮೂರು ಬೆರಳು ಕತ್ತರಿಸಿದರು. ಆಮೇಲೆ ಟೈಬರ್ ನದಿಗೆ ಎಸೆದರು. ಇದನ್ನು ಓದಿದವರು ಹುಚ್ಚು ಅಂತಾರೆ, ನಾನು ಒಪ್ಪಲ್ಲ. ಸ್ಟೀಫನ್‌ಗೆ ಮೊದಲು ಬಿಷಪ್ ಪಟ್ಟ ಕೊಟ್ಟಿದ್ದವರೇ ಫಾರ್ಮೋಸಸ್. ಒಂದು ಊರಿನ ಬಿಷಪ್ ಇನ್ನೊಂದು ಊರಿನ ಗಾದಿಗೆ ಹೋಗಬಾರದು ಅಂತ ಆಗ ನಿಯಮ ಇತ್ತು. ಫಾರ್ಮೋಸಸ್ ಕೊಟ್ಟ ಪಟ್ಟಗಳೆಲ್ಲ ರದ್ದಾದರೆ ಸ್ಟೀಫನ್ ಪೋಪ್ ಆಗಿದ್ದು ಸರಿ ಅಂತ ಆಗುತ್ತಿತ್ತು. ಆ ಘೋರ ನಾಟಕದಲ್ಲೂ ಲಾಭದ ಲೆಕ್ಕ ಇತ್ತು. ಫಲ ಮಾತ್ರ ಬರಲಿಲ್ಲ. ಜನ ತಿರುಗಿಬಿದ್ದರು, ಅದೇ ವರ್ಷ ಸ್ಟೀಫನ್‌ನನ್ನು ಸೆರೆಮನೆಯಲ್ಲಿ ಕತ್ತು ಹಿಸುಕಿ ಕೊಂದರು.

ಪೂರ್ತಿ ಲಾಭವಿಲ್ಲದ್ದು ಬೇಕಾ? ಕ್ರಾಮ್‌ವೆಲ್. ಇಂಗ್ಲೆಂಡಿನಲ್ಲಿ ಒಂದನೇ ಚಾರ್ಲ್ಸ್ ರಾಜನ ತಲೆ ತೆಗೆಸಿದವರಲ್ಲಿ ಮುಖ್ಯ ಅವನು. 1658ರಲ್ಲಿ ಸತ್ತ. ರಾಜನ ಮಗ ಗಾದಿಗೆ ವಾಪಸ್ ಬಂದ ಮೇಲೆ, ಅಪ್ಪನ ತಲೆ ಹೋದ ತಾರೀಖೇ ಇರಲಿ ಅಂತ 1661ರ ಜನವರಿ 30ನ್ನೇ ಹುಡುಕಿ, ಹೆಣ ತೆಗೆದು ನೇಣಿಗೆ ಹಾಕಿ, ತಲೆ ಕತ್ತರಿಸಿ ಪಾರ್ಲಿಮೆಂಟಿನ ಹತ್ತಿರದ ವೆಸ್ಟ್‌ಮಿನ್‌ಸ್ಟರ್ ಹಾಲಿನ ಮೇಲೆ ಕಂಬಕ್ಕೆ ಚುಚ್ಚಿಟ್ಟರು. ಇಪ್ಪತ್ತು ವರ್ಷಕ್ಕೂ ಮೇಲೆ ಅದು ಅಲ್ಲೇ ಇತ್ತು. ಆಮೇಲೆ ಕೈಯಿಂದ ಕೈಗೆ ಹೋಗಿ, ಕಾಸು ಕೊಟ್ಟವರು ನೋಡುವ ವಸ್ತುವಾಗಿ, ಕೊನೆಗೆ 1960ರಲ್ಲಿ ಕೇಂಬ್ರಿಡ್ಜಿನ ಒಂದು ಕಾಲೇಜಿನಲ್ಲಿ ಗುಟ್ಟಾಗಿ ಹೂಳಿದರು. ರಾಜ್ಯ ಆಗಲೇ ವಾಪಸ್ ಬಂದಿತ್ತು, ಸತ್ತವನಿಗೆ ನೋವಾಗೋದಿಲ್ಲ. ಆ ತಲೆ ಇದ್ದದ್ದು ದಾರಿಯಲ್ಲಿ ಹೋಗುವವರು ನೋಡಲಿ ಅಂತ. ಸೇಡಿಗೆ ನೋಡುವವರು ಬೇಕು ತಮ್ಮಾ. ನಿಮ್ಮೂರಿನವನು ಮರ ಕಡಿದು ಅಲ್ಲೇ ಬಿಟ್ಟು ಹೋಗಿದ್ದೂ ಅದಕ್ಕೇ. ಬೆಳಗ್ಗೆ ತೋಟದವರು ಬಂದು ನೋಡಬೇಕಿತ್ತು.

ವಕೀಲ_ದಾವಣಗೆರೆ

ಮೇಷ್ಟ್ರು ರಾಜರದ್ದು ಹೇಳಿದರು, ನಾನು ಜಮೀನು ಬೇಲಿ ನೀರಿನದ್ದು ಹೇಳುತ್ತೇನೆ. ನಮ್ಮ ಕೋರ್ಟಿಗೆ ಬರುವ ಸಿವಿಲ್ ಕೇಸುಗಳಲ್ಲಿ ಬದು, ಓಣಿ, ಕಾಲುವೆಯ ನೀರು, ಇವೇ ಜಾಸ್ತಿ. ಕೆಲವರು ಜಮೀನಿನ ಬೆಲೆಗಿಂತ ಹೆಚ್ಚು ಖರ್ಚು ಮಾಡಿ ಕೇಸು ನಡೆಸುತ್ತಾರೆ. ರಾಜಿ ಮಾಡಿಕೊಳ್ಳಿ ಅಂದರೆ "ದುಡ್ಡಿನ ಪ್ರಶ್ನೆ ಅಲ್ಲ ಸಾರ್" ಅನ್ನೋದೇ ಮೊದಲ ಮಾತು.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚಾರ್ಲ್ಸ್ ಕ್ರಾಕರ್ ಅನ್ನೋ ರೈಲ್ವೆ ಕುಬೇರ ಇದ್ದ. 1870ರ ದಶಕದಲ್ಲಿ ನಾಬ್ ಹಿಲ್ ಅನ್ನೋ ಗುಡ್ಡದ ಮೇಲೆ ಬಂಗಲೆ ಕಟ್ಟೋಕೆ ಸುತ್ತಲಿನ ಜಾಗ ಎಲ್ಲಾ ಕೊಂಡ. ಒಂದು ಮೂಲೆಯಲ್ಲಿ ನಿಕೋಲಸ್ ಯಂಗ್ ಅನ್ನೋನ ಮನೆ. ಹೆಣದ ಪೆಟ್ಟಿಗೆ, ಅಂತ್ಯಕ್ರಿಯೆಯ ವ್ಯವಸ್ಥೆ ಮಾಡುವುದು ಅವನ ಕಸುಬು. ಅವನು ಮಾರಲಿಲ್ಲ. ಬೆಲೆ ಏರಿಸಿ ನೋಡಿದ ಕ್ರಾಕರ್, ಆಗಲಿಲ್ಲ. ಕೊನೆಗೆ ಯಂಗ್ ಮನೆಯ ಮೂರು ಕಡೆ ನಲವತ್ತು ಅಡಿ ಎತ್ತರದ ಹಲಗೆ ಬೇಲಿ ಎಬ್ಬಿಸಿಬಿಟ್ಟ. ನಾಲ್ಕನೇ ಕಡೆ ರಸ್ತೆ, ಅದು ಅವನದ್ದಲ್ಲ ಅಂತ ಬಿಟ್ಟ, ಇಲ್ಲದಿದ್ದರೆ ಅದನ್ನೂ ಮುಚ್ಚುತ್ತಿದ್ದ. ಬಿಸಿಲಿಲ್ಲ, ಗಾಳಿಯಿಲ್ಲ. ಬೇಲಿ ಬಿದ್ದುಹೋಗದಿರಲಿ ಅಂತ ಆಧಾರಕ್ಕೆ ಕಂಬಿಗಳು. ಊರಿನವರು ಈ ಬೇಲಿ ನೋಡೋಕೆ ಬರುತ್ತಿದ್ದರು. ಯಂಗ್ 1880ರಲ್ಲಿ ತೀರಿಕೊಂಡ, ಬೇಲಿ ನಿಂತೇ ಇತ್ತು. ಕ್ರಾಕರ್ 1888ರಲ್ಲಿ ತೀರಿಕೊಂಡ, ಆಗಲೂ ನಿಂತೇ ಇತ್ತು. 1904ರಲ್ಲಿ ಯಂಗ್ ಕಡೆಯವರು ಜಾಗ ಮಾರಿದ ಮೇಲೆ ತೆಗೆದರು. ಎರಡು ವರ್ಷಕ್ಕೆ, 1906ರ ಭೂಕಂಪದ ಬೆಂಕಿಯಲ್ಲಿ ಬಂಗಲೆಯೇ ಸುಟ್ಟುಹೋಯ್ತು. ಮನೆಯವರು ಆ ಜಾಗವನ್ನು ಚರ್ಚಿಗೆ ಬಿಟ್ಟುಕೊಟ್ಟರು, ಈಗ ಅಲ್ಲಿ ಗ್ರೇಸ್ ಕ್ಯಾಥೀಡ್ರಲ್ ಇದೆ.

ಇಂಥ ಬೇಲಿಗಳು ಅಲ್ಲಿ ಎಷ್ಟು ಆದವು ಅಂದರೆ ಮ್ಯಾಸಚೂಸೆಟ್ಸ್ ರಾಜ್ಯ 1887ರಲ್ಲಿ ಕಾನೂನೇ ಮಾಡಿತು. ಪಕ್ಕದವರಿಗೆ ತೊಂದರೆ ಕೊಡುವ ಉದ್ದೇಶದಿಂದ ಆರು ಅಡಿಗಿಂತ ಎತ್ತರ ಬೇಲಿ ಹಾಕಿದರೆ ಅದು ಉಪದ್ರವ ಅಂತ.

ಇಂಗ್ಲೆಂಡಿನಲ್ಲಿ ಬೇರೆ ದಾರಿ ಹಿಡಿದರು, ಅದು ನನಗೆ ಕಾಲೇಜಿನಲ್ಲಿ ಓದಿದಾಗಿನಿಂದ ಕಾಡುವ ಕೇಸು. ಬ್ರಾಡ್‌ಫರ್ಡ್ ನಗರಸಭೆಗೆ ಕುಡಿಯುವ ನೀರು ಕೊಡುವ ಊಟೆಗಳು ಇದ್ದವು. ಅದರ ಮೇಲ್ಭಾಗದ ಜಮೀನು ಪಿಕಲ್ಸ್ ಅನ್ನೋನದ್ದು. ಅವನು ತನ್ನ ಜಮೀನಿನಲ್ಲಿ ಗುಂಡಿ ತೋಡಿ ಒಳಗಿನ ನೀರು ಬೇರೆ ಕಡೆ ಹರಿಯುವ ಹಾಗೆ ಮಾಡಿದ. ನಗರಸಭೆ ಬಂದು ತನ್ನ ಜಮೀನು ದುಡ್ಡು ಕೊಟ್ಟು ಕೊಳ್ಳಲಿ ಅನ್ನೋದು ಅವನ ಆಸೆ, ಅಲ್ಲಿವರೆಗೆ ಊರಿಗೆ ನೀರು ಕಡಿಮೆಯಾದರೂ ಸರಿ. 1895ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ತನ್ನ ನೆಲದಲ್ಲಿ ಅವನು ಮಾಡಿದ್ದು ಕಾನೂನಿನ ಒಳಗೆ ಇದ್ದರೆ, ಮನಸ್ಸಿನಲ್ಲಿ ಎಂಥ ಕೆಟ್ಟ ಉದ್ದೇಶ ಇದ್ದರೂ ಅದು ತಪ್ಪಾಗೋದಿಲ್ಲ ಅಂತ. ಪಕ್ಕದವನ ಬೋರ್ ಬತ್ತಲಿ ಅಂತ ಬದುವಿನ ಪಕ್ಕದಲ್ಲೇ ಆಳಕ್ಕೆ ಕೊರೆಸುವವರನ್ನು ನಮ್ಮ ಜಗಳೂರು, ಚಳ್ಳಕೆರೆ ಕಡೆ ಕಂಡವರಿಗೆ ಈ ತೀರ್ಪು ಓದಿದರೆ ಹೊಟ್ಟೆ ಉರಿಯುತ್ತದೆ.

ಆದರೆ ಸದ್ದಿನ ವಿಷಯದಲ್ಲಿ ಅದೇ ಇಂಗ್ಲೆಂಡಿನ ಕೋರ್ಟುಗಳು ಉದ್ದೇಶ ನೋಡಿದವು. 1893ರ ಒಂದು ಕೇಸಿನಲ್ಲಿ ಪಕ್ಕದ ಮನೆಯಲ್ಲಿ ಸಂಗೀತ ಪಾಠ ನಡೆಯುತ್ತಿತ್ತು ಅಂತ ಗೋಡೆಯ ಆಚೆಯವನು ತಟ್ಟೆ ಬಡಿದು, ಶಿಳ್ಳೆ ಹಾಕಿ, ಕೂಗಾಡಿ ಕಾಡುತ್ತಿದ್ದ. 1936ರ ಇನ್ನೊಂದರಲ್ಲಿ ನರಿ ಸಾಕುವವನ ಮೇಲಿನ ಸಿಟ್ಟಿಗೆ, ನರಿಗಳು ಮರಿ ಹಾಕುವ ಕಾಲದಲ್ಲೇ ಪಕ್ಕದವನು ತನ್ನ ಜಮೀನಿನ ಅಂಚಿನಲ್ಲಿ ಬಂದೂಕು ಹಾರಿಸುತ್ತಿದ್ದ. ಎರಡರಲ್ಲೂ ಕೋರ್ಟು ತಡೆಯಾಜ್ಞೆ ಕೊಟ್ಟಿತು.

ಇನ್ನು ನಿಮ್ಮೂರಿನ ವಿಷಯ. ಮರ ಕಡಿದದ್ದು ಅಪರಾಧವೇ. ಹಳೇ ದಂಡ ಸಂಹಿತೆಯಲ್ಲಿ 425ನೇ ಕಲಮು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 324. ಇನ್ನೊಬ್ಬರಿಗೆ ನಷ್ಟ ಆಗಲಿ ಅಂತ ಆಸ್ತಿ ಹಾಳು ಮಾಡೋದೇ ಈ ಅಪರಾಧ. ಮಾಡಿದವನಿಗೆ ಲಾಭ ಆಗಿರಬೇಕು ಅಂತಿಲ್ಲ. ಇನ್ನೊಬ್ಬನ ಉಂಗುರವನ್ನು ಅವನಿಗೆ ನಷ್ಟವಾಗಲಿ ಅಂತಲೇ ನದಿಗೆ ಎಸೆಯೋದು, ಇನ್ನೊಬ್ಬನ ಹೊಲಕ್ಕೆ ಬೇಕಂತಲೇ ದನ ನುಗ್ಗಿಸೋದು, ಇವೆಲ್ಲ ಆ ಕಲಮಿನ ಕೆಳಗೇ ಉದಾಹರಣೆಯಾಗಿ ಇವೆ. ಅಂದರೆ ಈ ಕಾನೂನು ಬರೆದವರಿಗೆ ಇಂಥ ಮನಸ್ಸು ಚೆನ್ನಾಗಿ ಗೊತ್ತಿತ್ತು.

ಹೊಳಲ್ಕೆರೆ_ಶಾಸನ

ನಿಮ್ಮ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಅದಕ್ಕೆ ಉತ್ತರ ನಮ್ಮ ಕನ್ನಡ ಭಾಷೆಯಲ್ಲೇ ಇದೆ, ಕಲ್ಲಿನ ಮೇಲೆ, ಆದರೆ ಕಂಚಿಯಲ್ಲಿ.

ಮೊದಲು ಹಗೆ ಎಷ್ಟು ಹಳೆಯದು ನೋಡಿ. ಬಾದಾಮಿಯ ಇಮ್ಮಡಿ ಪುಲಿಕೇಶಿ ಪಲ್ಲವರ ಮಹೇಂದ್ರವರ್ಮನ ಮೇಲೆ ಹೋಗಿ ಕಂಚಿಯ ಹತ್ತಿರದವರೆಗೂ ನುಗ್ಗಿದ. ಮಹೇಂದ್ರನ ಮಗ ನರಸಿಂಹವರ್ಮ ಅದನ್ನು ಮರೆಯಲಿಲ್ಲ. 642ರಲ್ಲಿ ಬಾದಾಮಿಗೇ ಬಂದು ಊರು ಹಿಡಿದ. ಪುಲಿಕೇಶಿ ಆ ಯುದ್ಧದಲ್ಲೇ ಸತ್ತ ಅಂತ ಇತಿಹಾಸಕಾರರು ಹೇಳುತ್ತಾರೆ. ಹರ್ಷವರ್ಧನನನ್ನು ನರ್ಮದೆಯ ಹತ್ತಿರ ತಡೆದ ಪುಲಿಕೇಶಿ ಅವನು, ಆ ಪುಲಿಕೇಶಿಯ ಊರು ಹೀಗಾಯ್ತು. ಗೆದ್ದವನು "ವಾತಾಪಿಕೊಂಡ", ಅಂದರೆ ವಾತಾಪಿಯನ್ನು (ಬಾದಾಮಿಯನ್ನು) ಗೆದ್ದವನು, ಅಂತ ಬಿರುದು ಇಟ್ಟುಕೊಂಡ, ಬಾದಾಮಿಯ ಬಂಡೆಯ ಮೇಲೆ ತನ್ನ ಶಾಸನ ಕೆತ್ತಿಸಿದ. ಅದು ಇವತ್ತಿಗೂ ಇದೆ, ಸವೆದಿದೆ. ಹತ್ತು ವರ್ಷಕ್ಕೂ ಜಾಸ್ತಿ ಚಾಲುಕ್ಯರಿಗೆ ಅವರ ರಾಜಧಾನಿ ಇರಲಿಲ್ಲ. ಪುಲಿಕೇಶಿಯ ಮಗ ಒಂದನೇ ವಿಕ್ರಮಾದಿತ್ಯ ಅದನ್ನು ಬಿಡಿಸಿಕೊಂಡ. ಆಮೇಲೂ ಎರಡು ಮನೆತನಗಳು ತಲೆಮಾರಿನಿಂದ ತಲೆಮಾರಿಗೆ ಹೊಡೆದಾಡುತ್ತಲೇ ಹೋದವು.

ಹೀಗೆ ಸುಮಾರು ನೂರು ವರ್ಷ. ಆಮೇಲೆ ಇಮ್ಮಡಿ ವಿಕ್ರಮಾದಿತ್ಯ ಬಂದ. ಅವನ ಆಳ್ವಿಕೆ 733ರಿಂದ 744. ಪಲ್ಲವರ ನಂದಿವರ್ಮನನ್ನು ಸೋಲಿಸಿ ಕಂಚಿಯ ಒಳಗೆ ಬಂದ. ಬಾದಾಮಿಗೆ ಏನಾಯ್ತೋ ಅದನ್ನೇ ಕಂಚಿಗೆ ಮಾಡೋಕೆ ತಡೆಯುವವರು ಯಾರೂ ಇರಲಿಲ್ಲ. ಊರನ್ನು ಹಾಳು ಮಾಡಲಿಲ್ಲ. ಬ್ರಾಹ್ಮಣರಿಗೆ, ದೀನರಿಗೆ ದಾನ ಕೊಟ್ಟ. ರಾಜಸಿಂಹೇಶ್ವರ ದೇವಸ್ಥಾನಕ್ಕೆ ಹೋದ. ಅದೇ ಈಗಿನ ಕೈಲಾಸನಾಥ, ಪಲ್ಲವರು ಕಟ್ಟಿಸಿದ್ದು, ಅವರ ಹೆಮ್ಮೆ ಎಲ್ಲಾ ಇದ್ದದ್ದೇ ಅಲ್ಲಿ. ಅದರ ಐಶ್ವರ್ಯ ನೋಡಿ, ಏನನ್ನೂ ಮುಟ್ಟದೆ ದೇವರಿಗೇ ವಾಪಸ್ ಕೊಟ್ಟ. ಮತ್ತೆ ಅದನ್ನು ಅಲ್ಲಿನ ಕಂಬದ ಮೇಲೆ ಕನ್ನಡದಲ್ಲಿ ಕೆತ್ತಿಸಿದ. ಕೊನೆಗೆ ಈ ಅಕ್ಷರಗಳನ್ನೂ ಈ ಧರ್ಮವನ್ನೂ ಕೆಡಿಸಿದವರಿಗೆ ಶಾಪ.

ನಾನು ಕಂಚಿಗೆ ಹೋದಾಗ ಆ ಕಂಬದ ಮುಂದೆ ನಿಂತು ಹಳಗನ್ನಡದ ಅಕ್ಷರ ಒಂದೊಂದೇ ಗುರುತಿಸುತ್ತಾ ಹೋದೆ. ಸುತ್ತಲೂ ಪಲ್ಲವರ ಸಿಂಹಗಳ ಕಂಬಗಳು, ನಡುವೆ ನಮ್ಮ ಭಾಷೆ. ಅಲ್ಲಿಗೆ ಬರುವ ಜನರಲ್ಲಿ ಹೆಚ್ಚಿನವರು ಅದರ ಪಕ್ಕದಲ್ಲೇ ಹಾದು ಹೋಗುತ್ತಾರೆ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಪುಲಿಕೇಶಿ ಹರ್ಷನನ್ನು ಸೋಲಿಸಿದ್ದು ಎಲ್ಲರಿಗೂ ಬಾಯಿಪಾಠ. ಈ ಕಂಬದ ಬಗ್ಗೆ ಯಾಕೆ ಅಷ್ಟು ಹೇಳಲ್ಲ ಅಂತ ನನಗೆ ನಿಜಕ್ಕೂ ಬೇಜಾರು.

ಮುಂದಿನದ್ದೂ ಕೇಳಿ. ಅವನ ರಾಣಿ ಲೋಕಮಹಾದೇವಿ ಈ ಗೆಲುವಿನ ನೆನಪಿಗೆ ಪಟ್ಟದಕಲ್ಲಿನಲ್ಲಿ ಲೋಕೇಶ್ವರ ದೇವಸ್ಥಾನ ಕಟ್ಟಿಸಿದಳು, ಈಗ ವಿರೂಪಾಕ್ಷ ಅನ್ನುತ್ತೇವೆ. ಕೈಲಾಸನಾಥವನ್ನು ನೋಡಿ ಬಂದು ಪಟ್ಟದಕಲ್ಲು ನೋಡಿದರೆ ಹೋಲಿಕೆ ಕಣ್ಣಿಗೆ ಹೊಡೆಯುತ್ತದೆ. ಕಟ್ಟಿದ ಶಿಲ್ಪಿ ಗುಂಡ ಅನಿವಾರಿತಾಚಾರಿಗೆ ತ್ರಿಭುವನಾಚಾರಿ ಅಂತ ಬಿರುದು ಕೊಟ್ಟರು, ಅವನ ಹೆಸರೂ ಕಲ್ಲಿನಲ್ಲಿ ಇದೆ. ಶತ್ರುವಿನ ಗುಡಿಯನ್ನು ಕೆಡವಲಿಲ್ಲ, ಅದರ ಚೆಂದವನ್ನು ಮನೆಗೆ ತಂದರು.

ದುರ್ಗದ_ಮೇಷ್ಟ್ರು

ಮೇಡಂ, ಬಹಳ ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ಮಾತು. ಪಟ್ಟದಕಲ್ಲಿನ ಅದೇ ಶಾಸನಗಳು ವಿಕ್ರಮಾದಿತ್ಯ ಕಂಚಿಯನ್ನು ಮೂರು ಸಲ ಗೆದ್ದ ಅಂತ ಹೇಳುತ್ತವೆ. ಮೂರು ಸಲ ದಂಡು ಕಟ್ಟಿಕೊಂಡು ಹೋದವನನ್ನು ಹಗೆ ಬಿಟ್ಟವನು ಅನ್ನಬಹುದಾ? ಶತ್ರುವಿನ ರಾಜಧಾನಿಯ ಮುಖ್ಯ ಗುಡಿಯಲ್ಲಿ ನಮ್ಮ ಭಾಷೆಯಲ್ಲಿ ಕೆತ್ತಿಸೋದು ದಾನವೂ ಹೌದು, ನಾನು ಬಂದಿದ್ದೆ ನೋಡಿ ಅಂತ ತೋರಿಸೋದೂ ಹೌದು. ನರಸಿಂಹವರ್ಮ ಬಾದಾಮಿಯ ಬಂಡೆಯ ಮೇಲೆ ಮಾಡಿದ್ದೂ ಅದನ್ನೇ ಅಲ್ವಾ?

ಹೊಳಲ್ಕೆರೆ_ಶಾಸನ

ಸರ್, ತೋರಿಸಿಕೊಂಡದ್ದು ನಿಜ, ಅದನ್ನು ನಾನು ಇಲ್ಲ ಅನ್ನಲ್ಲ. ರಾಜ ಅಂದಮೇಲೆ ತೋರಿಸಿಕೊಳ್ಳದೆ ಇರ್ತಾನಾ. ಆದರೆ ಏನನ್ನು ತೋರಿಸಿಕೊಂಡ ಅನ್ನೋದನ್ನು ನೋಡಿ. ಒಬ್ಬ ಊರು ಹಿಡಿದದ್ದನ್ನು ಬಿರುದು ಮಾಡಿಕೊಂಡ. ಇನ್ನೊಬ್ಬ ಮುಟ್ಟದೆ ಬಿಟ್ಟದ್ದನ್ನು ಕಲ್ಲಿಗೆ ಹಾಕಿಸಿದ. ಮಗ ಎರಡನೇ ಕೀರ್ತಿವರ್ಮನ ತಾಮ್ರಪಟದಲ್ಲೂ ಅಪ್ಪ ಕಂಚಿಯನ್ನು ನಾಶ ಮಾಡದೆ ಒಳಗೆ ಹೋದ ಅಂತಲೇ ಬರೆಸಿದ್ದಾನೆ. ಸುಟ್ಟ, ಕೆಡವಿದ ಅಂತ ಹೇಳಿಕೊಳ್ಳೋದೇ ಹೆಚ್ಚುಗಾರಿಕೆ ಆಗಿದ್ದ ಕಾಲದಲ್ಲಿ ನಾಶ ಮಾಡಲಿಲ್ಲ ಅನ್ನೋದನ್ನು ಒಂದು ಮನೆತನ ತನ್ನ ಹೆಮ್ಮೆ ಅಂತ ಇಟ್ಟುಕೊಂಡಿತು. ನನಗೆ ಅದು ಸಣ್ಣ ವಿಷಯ ಅಲ್ಲ.

ಯುದ್ಧ ನಿಂತಿತು ಅಂತಲೂ ನಾನು ಹೇಳುತ್ತಿಲ್ಲ. ಆ ಕೀರ್ತಿವರ್ಮನನ್ನೇ 753ರ ಹೊತ್ತಿಗೆ ರಾಷ್ಟ್ರಕೂಟರ ದಂತಿದುರ್ಗ ಸೋಲಿಸಿದ, ಬಾದಾಮಿ ಚಾಲುಕ್ಯರ ಕಥೆಯೇ ಮುಗಿಯಿತು. ನೂರು ವರ್ಷ ಕಂಚಿಯ ಕಡೆಗೇ ಕಣ್ಣಿಟ್ಟಿದ್ದವರಿಗೆ ಏಟು ಬಿದ್ದದ್ದು ತಮ್ಮದೇ ಸಾಮಂತರಿಂದ. ನೀವು ಹೇಳಿದ ಮಾಯಕೊಂಡದ ಮಾತು ಇಲ್ಲಿಗೂ ಸೇರುತ್ತದೆ.

ಹರಿಹರ_ವಿಜ್ಞಾನ

ರಾಜರು, ವಕೀಲರು ಆಯ್ತು. ವಿದ್ಯಾವಂತರ ಜಿದ್ದು ಕೇಳಿ, ಅದು ಇನ್ನೂ ಉದ್ದ.

ಅಮೆರಿಕದಲ್ಲಿ ಕೋಪ್ ಮತ್ತು ಮಾರ್ಷ್ ಅಂತ ಇಬ್ಬರು, ಡೈನೋಸಾರ್ ಮೂಳೆ ಹುಡುಕುವವರು. ಮೊದಲು ಸ್ನೇಹಿತರೇ. ಕೋಪ್ ಒಂದು ಕಡಲ ಪ್ರಾಣಿಯ ಅಸ್ಥಿಪಂಜರ ಜೋಡಿಸುವಾಗ ತಲೆಯನ್ನು ಬಾಲದ ತುದಿಗೆ ಇಟ್ಟುಬಿಟ್ಟಿದ್ದ. ಅದು ಬಯಲಾದದ್ದನ್ನು ಮಾರ್ಷ್ ಜೀವಮಾನವೆಲ್ಲ ಹೇಳಿಕೊಂಡು ತಿರುಗಿದ. 1877ರ ನಂತರ ಅಮೆರಿಕದ ಪಶ್ಚಿಮದ ಬಯಲಿನಲ್ಲಿ ಇಬ್ಬರ ಕೂಲಿಗಳೂ ಅಗೆದರು, ಒಬ್ಬರ ಜನರನ್ನು ಇನ್ನೊಬ್ಬರು ದುಡ್ಡು ಕೊಟ್ಟು ಎಳೆದುಕೊಂಡರು. ಒಂದು ಗುಂಡಿ ಬಿಟ್ಟು ಹೋಗುವಾಗ ಅಲ್ಲಿ ಉಳಿದ ಮೂಳೆಗಳನ್ನು ಒಡೆದು ಹಾಕಿದ್ದೂ ಇದೆ, ಎದುರಾಳಿಗೆ ಸಿಗಬಾರದು ಅಂತ. ಕೋಟ್ಯಂತರ ವರ್ಷ ಮಣ್ಣಿನಲ್ಲಿ ಉಳಿದದ್ದು ಒಂದು ಮಧ್ಯಾಹ್ನದ ಹೊಟ್ಟೆಕಿಚ್ಚಿಗೆ ಪುಡಿಯಾಯ್ತು. ಚನ್ನಗಿರಿಯ ಅಣ್ಣ ಕೇಳಿದ ಲಾಭವಿಲ್ಲದ ಸೇಡು ಅಂದರೆ ನನಗೆ ಮೊದಲು ನೆನಪಾಗೋದು ಇದೇ. 1890ರಲ್ಲಿ ಪತ್ರಿಕೆಯಲ್ಲಿ ಬಹಿರಂಗವಾಗಿ ಕೆಸರೆರಚಿಕೊಂಡರು. ಇಬ್ಬರ ದುಡ್ಡೂ ಕರಗಿತು. ಕೋಪ್ 1897ರಲ್ಲಿ ಸತ್ತ, ಮಾರ್ಷ್ 1899ರಲ್ಲಿ.

ಆದರೆ ಈ ಜಿದ್ದಿನಲ್ಲೇ ನೂರಕ್ಕೂ ಹೆಚ್ಚು ಹೊಸ ಹೆಸರುಗಳು ಬಂದವು. ಮಕ್ಕಳು ಇವತ್ತು ಬೊಂಬೆ ಹಿಡಿದು ಆಡುವ ಟ್ರೈಸೆರಾಟಾಪ್ಸ್, ಸ್ಟೆಗೋಸಾರಸ್ ಎರಡಕ್ಕೂ ಹೆಸರಿಟ್ಟವನು ಮಾರ್ಷ್. ಅವಸರದಲ್ಲಿ ಒಂದೇ ಪ್ರಾಣಿಗೆ ಎರಡು ಮೂರು ಹೆಸರಿಟ್ಟದ್ದನ್ನು ಸರಿಮಾಡುವ ಕೆಲಸ ಮುಂದಿನವರ ತಲೆಗೆ ಬಂತು, ಅದು ಬೇರೆ.

ಅಣ್ಣತಮ್ಮಂದಿರದ್ದು ಬೇಕಾದರೆ ಜರ್ಮನಿಯ ಹೆರ್ಟ್ಸೋಗೆನೌರಾಖ್ ಊರು. ಡಾಸ್ಲರ್ ಸಹೋದರರು ಒಟ್ಟಿಗೆ ಶೂ ಮಾಡುತ್ತಿದ್ದರು, 1948ರಲ್ಲಿ ಬೇರೆಯಾದರು. ಅಣ್ಣ ರುಡಾಲ್ಫನದು ಪ್ಯೂಮಾ, ತಮ್ಮ ಆದಿಯದು ಅಡಿಡಾಸ್. ಊರೇ ಎರಡಾಯ್ತು. ಯಾರಾದರೂ ಎದುರು ಬಂದರೆ ಮೊದಲು ಕಾಲಲ್ಲಿ ಯಾವ ಶೂ ಇದೆ ಅಂತ ನೋಡಿ ಆಮೇಲೆ ಮಾತಾಡುವ ಊರು ಅಂತ ಹೆಸರಾಯ್ತು. ಕಾರ್ಖಾನೆ ಕೆಲಸದವರು, ಅವರ ಮಕ್ಕಳು, ಅಂಗಡಿಯವರು, ಎಲ್ಲರೂ ಯಾರದ್ದೋ ಮನೆಯ ಜಗಳ ಹೊತ್ತುಕೊಂಡು ತಿರುಗಿದರು. ಅಣ್ಣ 1974ರಲ್ಲಿ ಸತ್ತ, ತಮ್ಮ 1978ರಲ್ಲಿ, ಒಂದೇ ಸ್ಮಶಾನದ ಎರಡು ತುದಿಯಲ್ಲಿ ಗೋರಿ. ಎರಡು ಕಂಪನಿಯ ಕೆಲಸದವರು ಸೇರಿ ಫುಟ್ಬಾಲ್ ಆಡಿದ್ದು 2009ರಲ್ಲಿ.

ಚನ್ನಗಿರಿ_ತೋಟ

ಎಲ್ಲರಿಗೂ ಬಹಳ ಥ್ಯಾಂಕ್ಸ್. ಮೇಷ್ಟ್ರೇ, ನೋಡುವವರು ಬೇಕು ಅಂತ ನೀವು ಬರೆದದ್ದು ಓದಿ ಒಂದು ಹೊತ್ತು ಸುಮ್ನೆ ಕೂತೆ. ತೋಟದವರ ಮಗ ಈಗ ಕುದಿಯುತ್ತಾ ಇದ್ದಾನೆ, ಬದುವಿನ ಜಗಳದ ಆಚೆ ಮನೆಯವರ ಮರಗಳೂ ನಿಲ್ಲಬಾರದು ಅಂತ ಹುಡುಗರನ್ನು ಸೇರಿಸುತ್ತಿದ್ದಾನೆ. ನಾನು, ಇನ್ನು ಕೆಲವು ಹಿರಿಯರು ತಡೆದು ಕೂರಿಸಿದ್ದೇವೆ. ಇಮ್ಮಡಿ ವಿಕ್ರಮಾದಿತ್ಯನ ವಿಷಯ ಅವನಿಗೆ ಹೇಳಿದೆ. ಪೂರ್ತಿ ಕೇಳಿದ. ಆಮೇಲೆ "ಅಣ್ಣಾ, ಅವನು ಗೆದ್ದ ಮೇಲೆ ಬಿಟ್ಟ, ನಾನಿನ್ನೂ ಗೆದ್ದಿಲ್ಲ" ಅಂದ. ಅವನ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೇಡಂ, ಗೆಲ್ಲದೇ ಇರುವವನಿಗೆ ಏನು ಹೇಳಬೇಕು?

ವಕೀಲರೇ, ದೂರು ಕೊಡೋಣ ಅಂತ ಇದ್ದೇವೆ. ಬಿದ್ದ ಮರಗಳನ್ನು ತೆಗೆಸಿ ಜಾಗ ಹಸನು ಮಾಡಬಹುದಾ?

ಹೊಳಲ್ಕೆರೆ_ಶಾಸನ

ಅಣ್ಣಾ, ಆ ಹುಡುಗನ ಮಾತು ನ್ಯಾಯವಾದದ್ದು. ಅವನಿಗೆ ಇತಿಹಾಸ ಹೇಳಿ ಸಮಾಧಾನ ಮಾಡೋಕೆ ಹೋಗಬೇಡಿ. ನಷ್ಟ ಆಗಿರೋದು ಅವನಿಗೆ. ಕಡಿದವನ ಹೆಸರು ಊರಲ್ಲಿ ಕೆಲವರಿಗಾದರೂ ಗೊತ್ತಿದ್ದು ಬಾಯಿ ಬಿಡುತ್ತಿಲ್ಲ ಅನ್ನಿಸುತ್ತದೆ, ಹುಡುಗನನ್ನು ಹೆಚ್ಚು ಕುದಿಸುತ್ತಿರೋದು ಅದೇ ಇರಬೇಕು. ಕಂಡವರು ಒಬ್ಬರಾದರೂ ಸ್ಟೇಷನ್ನಿಗೆ ಬಂದು ಹೇಳಲಿ. ಮೊದಲು ಅದನ್ನು ಮಾಡಿಸಿ, ಆಮೇಲೆ ಅವನ ಜೊತೆ ಮಾತಾಡಿ.

ವಕೀಲ_ದಾವಣಗೆರೆ

ಈಗಲೇ ತೆಗೆಸಬೇಡಿ. ಬುಡವನ್ನೂ ಕೀಳಬೇಡಿ. ಪೊಲೀಸರು ಬಂದು ಪಂಚನಾಮೆ ಮಾಡುವವರೆಗೆ ಬಿದ್ದದ್ದು ಬಿದ್ದ ಹಾಗೇ ಇರಲಿ. ಕಡಿದ ಬುಡಗಳ ಫೋಟೋ, ವಿಡಿಯೋ ಇವತ್ತೇ ತೆಗೆದಿಟ್ಟುಕೊಳ್ಳಿ. ತೋಟಗಾರಿಕೆ ಇಲಾಖೆಯವರಿಂದ ಮರದ ವಯಸ್ಸು, ಫಸಲು ನೋಡಿ ನಷ್ಟದ ಅಂದಾಜು ಬರೆಸಿಕೊಳ್ಳಿ. ಇದು ಮುಖ್ಯ, ಯಾಕೆಂದರೆ 324ನೇ ಕಲಮಿನಲ್ಲಿ ಶಿಕ್ಷೆ ನಷ್ಟದ ಮೊತ್ತದ ಮೇಲೆ ಏರುತ್ತದೆ. ಇಪ್ಪತ್ತು ಸಾವಿರದಿಂದ ಒಂದು ಲಕ್ಷದ ಒಳಗೆ ಇದ್ದರೆ ಎರಡು ವರ್ಷದವರೆಗೆ, ಒಂದು ಲಕ್ಷ ದಾಟಿದರೆ ಐದು ವರ್ಷದವರೆಗೆ. ಪಹಣಿ, ಹಿಂದಿನ ವರ್ಷಗಳಲ್ಲಿ ಅಡಿಕೆ ಮಾರಿದ ರಸೀದಿ ಜೊತೆಗೆ ಇಟ್ಟುಕೊಳ್ಳಿ. ಬದುವಿಗೆ ಬೇರೆ ದಾರಿ ಇದೆ, ಸರ್ವೆಗೆ ಅರ್ಜಿ ಹಾಕಿ ಹದ್ದುಬಸ್ತು ಮಾಡಿಸಿ, ಎರಡೂ ಕಡೆಯವರು ಎದುರಿಗೆ ಇರಲಿ. ಆ ಹುಡುಗನನ್ನು ಇವತ್ತು ರಾತ್ರಿ ಒಬ್ಬನನ್ನೇ ಬಿಡಬೇಡಿ. ನಾಳೆ ಬೆಳಗ್ಗೆ ಅವನನ್ನೇ ಕರೆದುಕೊಂಡು ಹೋಗಿ ದೂರು ಕೊಡಿಸಿ.